ಮದುಮಗನ ವಾಚು

ಕೊಯಮತ್ತೂರು
2 ಮೇ 2025

ಪ್ರೀತಿಯ ದಿವ್ಯಾ,

ಈ ಕಾಗದ ನಿನ್ನ ಕೈ ಸೇರುವಾಗ ಜೊತೆಗೊಂದು ಪೆಟ್ಟಿಗೆಯೂ ಇರುತ್ತದೆ. ಎರಡನ್ನೂ ಜಾಕಿರಣ್ಣನ ಪರಿಚಯದ ಲಾರಿ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀಯ, ನಿನ್ನ ಅಳು ಕೇಳಿ ನಾನೂ ಅಳುತ್ತೇನೆ, ಇಲ್ಲಿ ಗ್ಯಾರೇಜಿನವರು ವರ್ಷವಿಡೀ ಆಡಿಕೊಳ್ಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮದುವೆಗೆ ನನಗೆ ಬರಲಾಗುವುದಿಲ್ಲ. ರಜೆ ಸಿಗಲಿಲ್ಲ ಎಂದು ಅವ್ವನಿಗೆ ಹೇಳು. ನಿನಗೆ ಮಾತ್ರ ನಿಜ ಹೇಳುತ್ತೇನೆ. ಹೋದ ವಾರ ರೇಸಿನ ಪ್ರಾಕ್ಟೀಸ್ ನಡೆಯುವಾಗ ನಮ್ಮ ಟೀಮಿನ ರೇಸರ್ ತನೀಶ್ ಸರ್ ಟೈರ್ ಬದಲಿಸಲು ಕಾರನ್ನು ಒಳಗೆ ತಂದರು. ನಾವು ಮೆಕ್ಯಾನಿಕ್‌ಗಳು ಗೆರೆಯ ಪಕ್ಕದಲ್ಲಿ ಸಿದ್ಧವಾಗಿ ನಿಂತಿರುತ್ತೇವೆ. ಅಲ್ಲಿಗೆ ಬರುವಷ್ಟರಲ್ಲಿ ವೇಗ ಇಳಿಸಬೇಕು, ಅವರು ಇಳಿಸಲಿಲ್ಲ. ಮುಂದಿನ ಚಕ್ರ ನನ್ನ ಎಡಪಾದದ ಮೇಲೆ ಹತ್ತಿ ಇಳಿಯಿತು. ಮೂಳೆ ಮುರಿದಿದೆ, ಮಂಡಿಯವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಆಸ್ಪತ್ರೆಯಲ್ಲಿ ಜಾಕ್ ಜಾರಿ ಬಿದ್ದಿತೆಂದು ಹೇಳಿದ್ದೇವೆ. ನಿಜ ಹೇಳಿದ್ದರೆ ಸರ್ ಅವರ ರೇಸ್ ಲೈಸೆನ್ಸ್ ಹೋಗುತ್ತಿತ್ತು, ಈ ವರ್ಷವೆಲ್ಲ ಹಾಳಾಗುತ್ತಿತ್ತು.

ಬೇಜಾರು ಮಾಡಿಕೊಳ್ಳಬೇಡ. ಸರ್ ಎಂಥ ಮನುಷ್ಯ ಎಂದು ನಿನಗೆ ಗೊತ್ತಿಲ್ಲ. ಬೆಂಗಳೂರಿನ ಗ್ರಾನೈಟ್ ಕಂಪನಿಯ ಯಜಮಾನರ ಒಬ್ಬನೇ ಮಗ. ಅಂಥವರು ಆಸ್ಪತ್ರೆಯಲ್ಲಿ ನನ್ನ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತು, ನನ್ನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. ಆಮೇಲೆ ತಮ್ಮ ಕೈಯಲ್ಲಿದ್ದ ವಾಚನ್ನು ಬಿಚ್ಚಿ ನನ್ನ ಕೈಗೆ ಕಟ್ಟಿದರು. "ತಂಗಿ ಮದ್ವೆ ಅಂದಿದ್ಯಲ್ಲ, ಇದನ್ನ ನಿಮ್ಮ ಭಾವಂಗೆ ಕೊಡು" ಅಂದರು. ಆ ವಾಚೇ ಪೆಟ್ಟಿಗೆಯಲ್ಲಿರುವುದು.

ಸರಿಯಾಗಿ ನೋಡು. ಮುಖ ಕಪ್ಪು, ಕಾರಿನ ಮೀಟರಿನ ಹಾಗೆ. ಒಳಗೆ ಸಣ್ಣ ಮುಳ್ಳುಗಳಿರುವ ಮೂರು ಪುಟ್ಟ ಚಕ್ರಗಳಿವೆ. ಅಂಚಿನ ಸುತ್ತ ಕೊರೆದಿರುವ ಅಂಕಿಗಳು ವೇಗದ ಲೆಕ್ಕಕ್ಕೆ. ಬೆಲ್ಟಿನಲ್ಲಿ ತೂತುಗಳಿರುವುದು ಹರಿದುಹೋಗಿ ಅಲ್ಲ, ರೇಸಿನವರ ಕೈಗವಸಿನಲ್ಲಿ ಹಾಗೇ ಇರುತ್ತದೆ. ಹಿಂದಿನ ಕಾಲದಲ್ಲಿ ಇಂಥ ವಾಚಿನಲ್ಲೇ ಕಾರು ಒಂದು ಸುತ್ತು ಬರುವ ಹೊತ್ತನ್ನು ಅಳೆಯುತ್ತಿದ್ದರಂತೆ. ಈಗ ಎಲ್ಲವನ್ನೂ ಕಂಪ್ಯೂಟರ್ ಅಳೆಯುತ್ತದೆ. ಆದರೂ ಇದನ್ನು ಕಟ್ಟದೆ ಒಬ್ಬ ರೇಸರ್ ಕೂಡ ಫೋಟೋಕ್ಕೆ ನಿಲ್ಲುವುದಿಲ್ಲ. ಬೆಲೆ ಮಾತ್ರ ಕೇಳಬೇಡ, ಕೇಳಿದರೆ ಹೊನ್ನೂರಸ್ವಾಮಿ ಭಾವ ಕಟ್ಟಿಕೊಳ್ಳಲು ಹೆದರುತ್ತಾರೆ.

ಮದುಮಗನಿಗೆ ಹೆಣ್ಣಿನ ಅಣ್ಣನೇ ವಾಚು ಕಟ್ಟಬೇಕು. ನನ್ನ ಜಾಗದಲ್ಲಿ ಜಾಕಿರಣ್ಣ ನಿಂತು ಕಟ್ಟಲಿ. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನು ಅವನು, ನಿನಗೂ ಅಣ್ಣನೇ. ಗಂಡಿನ ಕಡೆಯ ದೇವಸಮುದ್ರದವರು ಬಾಯಿ ಮೇಲೆ ಬೆರಳಿಡಬೇಕು ನೋಡು.

ಚೆನ್ನಾಗಿರು.

ನಿನ್ನ ಅಣ್ಣ
ದುರುಗೇಶ್


ನನ್ನಿವಾಳ
3 ಜುಲೈ 2025

ಅಣ್ಣನಿಗೆ ದಿವ್ಯಾ ಮಾಡುವ ನಮಸ್ಕಾರ.

ಆಷಾಢಕ್ಕೆಂದು ಅವ್ವನ ಹತ್ತಿರ ಬಂದಿದ್ದೇನೆ. ಅತ್ತೆಮನೆಯಲ್ಲಿ ಫೋನ್ ಹಿಡಿದರೆ ಸುತ್ತಲೂ ಕಿವಿಗಳು. ಇಲ್ಲಿಂದ ಮಾಡಿದರೆ ನೀನು "ಟ್ರ್ಯಾಕಲ್ಲಿದೀನಿ, ಆಮೇಲೆ" ಎಂದು ಇಡುತ್ತೀಯ. ಆ 'ಆಮೇಲೆ' ಇನ್ನೂ ಬಂದಿಲ್ಲ. ನೀನು ಶುರು ಮಾಡಿದ ಕಾಗದದ ದಾರಿಯನ್ನೇ ನಾನೂ ಹಿಡಿದಿದ್ದೇನೆ.

ದೇವಸಮುದ್ರದವರು ಬಾಯಿ ಮೇಲೆ ಬೆರಳಿಟ್ಟರು ಅಣ್ಣ. ನೀನು ಅಂದುಕೊಂಡ ಹಾಗಲ್ಲ.

ಧಾರೆಗೆ ಮುಂಚೆ ಜಾಕಿರಣ್ಣ ಬಿಳಿ ಶರ್ಟು ಹಾಕಿಕೊಂಡು, ಕರವಸ್ತ್ರದಿಂದ ಕೈ ಒರೆಸಿಕೊಂಡು, ಎಷ್ಟು ಮರ್ಯಾದೆಯಿಂದ ಇವರ ಕೈಗೆ ವಾಚು ಕಟ್ಟಿದ ಗೊತ್ತಾ? ಫೋಟೋದವನು ಎರಡು ಸಲ ಕಟ್ಟಿಸಿದ. ಆಗ ನಮ್ಮತ್ತೆ ಪಾಪಕ್ಕ ಮಗನ ಕೈಯನ್ನು ಕಣ್ಣಿನ ಹತ್ತಿರ ಎಳೆದುಕೊಂಡು ನೋಡಿದರು. ನೋಡಿ ಗಟ್ಟಿಯಾಗಿ, "ಏಮಿರಾ ಇದಿ, ಗಡಿಯಾರಂ ಆಗಿಪೋಯಿಂದಿ ಕದಾ! ದೊಡ್ಡ ಮುಳ್ಳು ಓಡ್ತಾನೇ ಇಲ್ಲ, ನಿಂತೋಗೈತೆ!" ಅಂದರು. ಅವರು ಬೆಚ್ಚಿದರೆ ತೆಲುಗು ಮೊದಲು ಬರುತ್ತದೆ.

ಅಷ್ಟೇ, ಚಪ್ಪರದಲ್ಲೆಲ್ಲ ಗುಸುಗುಸು. ಧಾರೆಯ ಹೊತ್ತಿಗೆ ನಿಂತ ಗಡಿಯಾರ ಕಟ್ಟಿದರಂತೆ. ಹೆಣ್ಣಿನ ಅಣ್ಣ ಬರಲಿಲ್ಲವಂತೆ, ಸತ್ತ ವಾಚು ಕಳಿಸಿದನಂತೆ. ಜಾಕಿರಣ್ಣ ಪಾಪ, ಒಂದು ಪುಟ್ಟ ಚಕ್ರದಲ್ಲಿ ಸಣ್ಣ ಮುಳ್ಳು ಓಡುತ್ತಿರುವುದನ್ನು ತೋರಿಸಿದ. "ಸಣ್ಣದು ಓಡಿ ಏನ್ ಬಂತಪ್ಪಾ, ಮನೆ ಯಜಮಾನ ನಿಂತವ್ನೆ" ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರೂ ನಕ್ಕರು. ಅವ್ವ ತಲೆ ಎತ್ತಲಿಲ್ಲ.

ಮದುವೆಯಾದ ಮೂರನೇ ದಿನ ಅತ್ತೆ ಆ ವಾಚನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಇಲ್ಲಿಗೆ ಬರುವ ಮುಂಚೆ ನಾನು ಕದ್ದು ತೆಗೆದು ನೋಡಿದೆ. ಈಗ ಸಣ್ಣ ಮುಳ್ಳೂ ನಿಂತಿದೆ. ಮನೆಯಲ್ಲಿ ಏನೇ ಆಗಲಿ ಅದರ ತಲೆಗೆ ಕಟ್ಟುತ್ತಾರೆ. ಕುರಿಮರಿ ಸತ್ತರೂ ಅದೇ ಕಾರಣ, ಸಾರು ಸೀದರೂ ಅದೇ ಕಾರಣ. ಇವರು ಮಾತ್ರ ಒಳ್ಳೆಯವರು. "ಹೋಗ್ಲಿ ಬಿಡು, ರಿಪೇರಿ ಮಾಡಿಸೋಣ" ಅನ್ನುತ್ತಾರೆ. ಸರ್ಕಾರಿ ಬಸ್ಸಿನ ಚಾಲಕರ ಆಯ್ಕೆ ಪಟ್ಟಿಯಲ್ಲಿ ಅವರ ಹೆಸರು ಬಂದಿದೆ. ಇನ್ನು ನಡತೆಯ ಬಗ್ಗೆ ಪೊಲೀಸರ ವಿಚಾರಣೆಯೊಂದು ಆಗಬೇಕು. ಅಲ್ಲಿಯವರೆಗೆ ಮೊಳಕಾಲ್ಮೂರು ಕಡೆಯ ಖಾಸಗಿ ಬಸ್ಸನ್ನೇ ಓಡಿಸುತ್ತಿದ್ದಾರೆ. ಈ ಕೆಲಸಕ್ಕಾಗಿ ಅವರು ಎಷ್ಟು ವರ್ಷ ಕಾದಿದ್ದಾರೆ ಎನ್ನುವುದು ನಿನಗೂ ಗೊತ್ತು.

ಆ ವಾಚು ಓಡುತ್ತದೋ ಇಲ್ಲವೋ, ಒಂದು ಸಾಲು ಬರೆ. ನಿನ್ನ ಸರ್ ಕೆಟ್ಟುಹೋದದ್ದನ್ನು ದಾನ ಮಾಡಿದರಾ? ಕಾಲು ಹೇಗಿದೆ?

ನಿನ್ನ ತಂಗಿ
ದಿವ್ಯಾ


ಕೊಯಮತ್ತೂರು
26 ಜುಲೈ 2025

ದಿವ್ಯಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಮೈ ಉರಿಯಿತು. ಎಂಥ ವಸ್ತುವನ್ನು ಎಂಥವರ ಕೈಗೆ ಕೊಟ್ಟೆ ನೋಡು!

ಆ ದೊಡ್ಡ ಮುಳ್ಳು ಸುಮ್ಮನೆ ಓಡಬಾರದು ಕಣೇ. ಅದು ರೇಸಿಗೆಂದೇ ಇರುವ ಮುಳ್ಳು. ಬಲಗಡೆ ಮೇಲಿನ ಗುಂಡಿ ಒತ್ತಿದರೆ ಹೊರಡುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನ ಗುಂಡಿ ಒತ್ತಿದರೆ ವಾಪಸು ಹನ್ನೆರಡಕ್ಕೆ ಹೋಗಿ ಕೂರುತ್ತದೆ. ಕೆಲಸವಿಲ್ಲದಾಗ ಹನ್ನೆರಡರಲ್ಲಿ ನಿಂತಿರುವುದೇ ಅದರ ಧರ್ಮ. ಇನ್ನು ಆ ವಾಚಿಗೆ ಸೆಲ್ ಇಲ್ಲ. ಕಟ್ಟಿಕೊಂಡವನ ಕೈ ಆಡಿದರೆ ತಾನಾಗಿಯೇ ಕೀಲಿ ಏರಿಸಿಕೊಳ್ಳುತ್ತದೆ. ಟ್ರಂಕಿನಲ್ಲಿ ಮಲಗಿಸಿದರೆ ನಿಲ್ಲದೆ ಇನ್ನೇನು ಮಾಡುತ್ತದೆ? ಅರಿಶಿನದ ಬಟ್ಟೆಯಂತೆ! ನಿಮ್ಮತ್ತೆಗೆ ದೊಡ್ಡ ನಮಸ್ಕಾರ ಹೇಳು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೇಳಬೇಕು ಎಂದೇ ಹೊಳೆಯಲಿಲ್ಲ.

ಭಾವನಿಗೆ ಕಟ್ಟಿಸು, ಗುಂಡಿ ಒತ್ತಿ ತೋರಿಸು. ಯಾರ ಕೈಗೂ ರಿಪೇರಿಗೆ ಕೊಡಬೇಡ.

ಪ್ಲಾಸ್ಟರ್ ಬಿಚ್ಚಿದ್ದಾರೆ. ಸ್ವಲ್ಪ ಕುಂಟುತ್ತೇನೆ. ಸರ್ ಕಳೆದ ರೇಸಿನಲ್ಲಿ ಎರಡನೆಯವರಾಗಿ ಬಂದರು. ಇಳಿದ ತಕ್ಷಣ ಮೊದಲು ನನ್ನನ್ನೇ ಹುಡುಕಿದರು.

ನಿನ್ನ ಅಣ್ಣ
ದುರುಗೇಶ್


ದೇವಸಮುದ್ರ
24 ಆಗಸ್ಟ್ 2025

ಅಣ್ಣಾ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ನೀನು ಸಹಿ ಹಾಕಿ ತೆಗೆದುಕೊಳ್ಳಲೇಬೇಕು. ನನ್ನ ನಂಬರು ಬ್ಲಾಕ್ ಮಾಡಿದ್ದೀಯ, ಜಾಕಿರಣ್ಣನದ್ದನ್ನೂ ಮಾಡಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ.

ನಿನ್ನ ಜುಲೈ ಕಾಗದ ನಾನು ಅತ್ತೆಮನೆಗೆ ವಾಪಸು ಬಂದ ಮೇಲೆ ನನ್ನಿವಾಳಕ್ಕೆ ಹೋಗಿದೆ. ಅವ್ವ ಮೊನ್ನೆ ತಂದುಕೊಟ್ಟಳು. ಗುಂಡಿ ಒತ್ತಬೇಕಿತ್ತಂತೆ. ಒತ್ತಲು ವಾಚೆಲ್ಲಿದೆ? ಇವರೆಲ್ಲಿದ್ದಾರೆ?

ನಡೆದದ್ದನ್ನು ಬರೆಯುತ್ತೇನೆ, ಕೇಳು. ಇವರು ವಾಚನ್ನು ಮೊದಲು ಚಳ್ಳಕೆರೆಯಲ್ಲಿ ಮೌಲಾ ಸಾಬರ ವಾಚು ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದರು. ಅವರು ಕೈಯಲ್ಲಿ ಹಿಡಿದು ನೋಡಿ, "ಇದು ನನ್ ಕೈಗೆ ಬರೋ ಮಾಲಲ್ಲಪ್ಪಾ, ಬೆಂಗ್ಳೂರಾಗೆ ಕಂಪ್ನಿ ಶೋರೂಮ್ ಐತೆ, ಅಲ್ಲಿಗೇ ಹೋಗು" ಅಂದರು. ಕೆಲಸದ ಕಾಗದಪತ್ರ ತೋರಿಸಲು ಇವರು ಹೇಗೂ ಬೆಂಗಳೂರಿಗೆ ಹೋಗಬೇಕಿತ್ತು. ಅತ್ತೆಯೇ ಟ್ರಂಕಿನಿಂದ ತೆಗೆದುಕೊಟ್ಟರು, ಮನೆಯ ಪೀಡೆ ತೊಲಗಲಿ ಎಂದು.

ಶೋರೂಮಿನಲ್ಲಿ ಕೂರಿಸಿ ಕಾಫಿ ಕೊಟ್ಟರಂತೆ. ಇಂಥ ವಾಚು ಬಂದರೆ ಕೊಂಡವರಿಗೆ ಫೋನ್ ಮಾಡಿ ಕೇಳುವುದು ಅವರ ಪದ್ಧತಿಯಂತೆ. ಕೊಂಡವರು ನಿನ್ನ ತನೀಶ್ ಸರ್ ಅವರ ಅಪ್ಪ. ಮಗ ಮೊದಲ ರೇಸು ಗೆದ್ದಾಗ ಕೊಡಿಸಿದ್ದಂತೆ. "ನಿನ್ ವಾಚ್ ಎಲ್ಲೋ?" ಎಂದು ಅಪ್ಪ ಕೇಳಿದ್ದಾರೆ. ಮೆಕ್ಯಾನಿಕ್‌ಗೆ ಕೊಟ್ಟೆ ಎಂದರೆ ಯಾಕೆ ಕೊಟ್ಟೆ ಎನ್ನುವ ಪ್ರಶ್ನೆ ಬರುತ್ತದೆ, ಕಾಲಿನ ವಿಷಯ ಬರುತ್ತದೆ. ಅದಕ್ಕೆ ನಿನ್ನ ದೇವರಂಥ ಮನುಷ್ಯ "ಗ್ಯಾರೇಜಿಂದ ಕಳುವಾಯ್ತು" ಅಂದುಬಿಟ್ಟ. ಇವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಪೊಲೀಸರು ಬಂದಿದ್ದಾರೆ.

ಇವರು ಇದ್ದದ್ದನ್ನು ಇದ್ದಂತೆ ಹೇಳಿದ್ದಾರೆ. ಅಲ್ಲಿಂದಲೇ ನಿನಗೆ ಫೋನ್ ಹೋಗಿದೆ. ನೀನು ಏನು ಹೇಳಿದೆ ಅಣ್ಣಾ? "ತಂಗಿಗೆ ಏನೋ ಕಳಿಸಿದ್ದೆ, ಯಾವ ವಾಚೋ ಸರಿಯಾಗಿ ನೆನಪಿಲ್ಲ" ಅಂದೆಯಂತೆ. ಬೆಲ್ಟಿನ ತೂತಿಗೂ ಕಾರಣ ಬರೆದಿದ್ದ ನಿನಗೆ ಯಾವ ವಾಚು ಎಂದು ನೆನಪಿಲ್ಲವಾ?

ನಿನ್ನ ಮೇ ತಿಂಗಳ ಕಾಗದವನ್ನು ವಕೀಲರಿಗೆ ತೋರಿಸಿದೆ. "ಕದ್ದವ್ನೂ ತಂಗಿಗೆ ಹಿಂಗೇ ಬರೀತಾನಮ್ಮಾ, ಬರ್ದೋನೇ ಬಂದು ಬಾಯಿಬಿಟ್ಟು ಹೇಳ್ಬೇಕು" ಅಂದರು. ಇವರು ಬೆಂಗಳೂರಿನ ಜೈಲಿನಲ್ಲಿದ್ದಾರೆ. ಮದುವೆಯಾಗಿ ನಾಲ್ಕು ತಿಂಗಳೂ ಆಗಿಲ್ಲ.

ನಿನ್ನಿಂದ ನನಗೆ ಬೇಕಾದದ್ದು ಒಂದೇ ಮಾತು. ಬೆಂಗಳೂರಿಗೆ ಬಂದು "ಇದನ್ನು ಸರ್ ತಮ್ಮ ಕೈಯಾರೆ ನನಗೆ ಕೊಟ್ಟರು" ಎಂದು ಹೇಳು. ಸುಳ್ಳು ಹೇಳು ಎನ್ನುತ್ತಿಲ್ಲ. ಕೇಸು ಹೀಗೇ ಉಳಿದರೆ ಇವರ ಕೆಲಸ ಹೋಗುತ್ತದೆ. ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ, ಬಾ.

ದಿವ್ಯಾ


ಕೊಯಮತ್ತೂರು
5 ಸೆಪ್ಟೆಂಬರ್ 2025

ದಿವ್ಯಾ,

ಫೋನಿನಲ್ಲಿ ಮಾತಾಡುವುದು ಬೇಡ ಎಂದು ಟೀಮಿನ ವಕೀಲರು ಹೇಳಿದ್ದಾರೆ. ಬ್ಲಾಕ್ ಮಾಡಿದ್ದು ಅದಕ್ಕೇ, ಬೇರೆ ಅರ್ಥ ಮಾಡಿಕೊಳ್ಳಬೇಡ.

ಭಾವನ ವಿಷಯ ಕೇಳಿ ಊಟ ಸೇರುತ್ತಿಲ್ಲ. ಆದರೆ ಸ್ವಲ್ಪ ತಾಳ್ಮೆ ಇರಲಿ. ಸರ್ ಬಾಯಿ ತಪ್ಪಿ ಹಾಗೆ ಅಂದುಬಿಟ್ಟರು. ಅವರಪ್ಪನಿಗೆ ಹೃದಯದ ತೊಂದರೆ ಇದೆ, ರೇಸನ್ನೇ ನಿಲ್ಲಿಸುತ್ತೇನೆ ಎಂದು ಮೊದಲಿನಿಂದಲೂ ಹೆದರಿಸುತ್ತಾರೆ. ಈಗ ನಾನು ಹೋಗಿ ಕಾಲಿನ ಕಥೆ ತೆಗೆದರೆ ಟೀಮೇ ಮುಚ್ಚಿಹೋಗುತ್ತದೆ. ಇಲ್ಲಿ ನಮ್ಮಂಥವರು ಎಷ್ಟೋ ಜನ ಇದನ್ನೇ ನಂಬಿಕೊಂಡಿದ್ದಾರೆ. "ನಾನೇ ಎಲ್ಲಾ ಸರಿ ಮಾಡ್ತೀನಿ ದುರ್ಗಾ, ಟ್ರಸ್ಟ್ ಮಿ" ಎಂದು ಸರ್ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದಾರೆ.

ನಿನಗೆ ಅವರು ಯಾರೋ. ನನಗೆ ಹಾಗಲ್ಲ. ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಆಟೋದ ಕೆಳಗೆ ಮಲಗಿ ಗ್ರೀಸ್ ಒರೆಸುತ್ತಿದ್ದವನನ್ನು ರೇಸ್ ಕಾರಿನ ಪಕ್ಕ ನಿಲ್ಲಿಸಿದವರು ಅವರು. ನನ್ನ ಡಬ್ಬಿಯಿಂದ ರೊಟ್ಟಿ ಕಿತ್ತು ತಿನ್ನುತ್ತಾರೆ. ನನ್ನ ಹುಟ್ಟುಹಬ್ಬಕ್ಕೆ ಕೇಕ್ ತಂದವರು ಜಗತ್ತಿನಲ್ಲಿ ಅವರೊಬ್ಬರೇ.

ಭಾವನಿಗೆ ಧೈರ್ಯ ಹೇಳು.

ದುರುಗೇಶ್


ದೇವಸಮುದ್ರ
14 ಸೆಪ್ಟೆಂಬರ್ 2025

ಅಣ್ಣಾ,

ಇವರಿಗೆ ಜಾಮೀನು ಸಿಕ್ಕಿತು. ಕೊಡಿಸಿದವನು ಜಾಕಿರಣ್ಣ. ತನ್ನ ಗ್ಯಾರೇಜಿಗೆ ಬಾಗಿಲು ಹಾಕಿ ಬೆಂಗಳೂರಿನಲ್ಲಿ ಕೋರ್ಟಿನ ಮೆಟ್ಟಿಲ ಮೇಲೆ ಕುಳಿತಿದ್ದ. ನಿನ್ನ ಜಾಗದಲ್ಲಿ ನಿಂತು ಒಂದು ವಾಚು ಕಟ್ಟಿದ ತಪ್ಪಿಗೆ ಇನ್ನೂ ನಿನ್ನ ಜಾಗದಲ್ಲೇ ನಿಂತಿದ್ದಾನೆ. ನಿನ್ನ ಹೆಸರೆತ್ತಿದರೆ "ಛೋಡ್ ಬೇಟಿ, ಅವ್ನು ಅಂಥೋನಲ್ಲ, ಬರ್ತಾನೆ" ಅನ್ನುತ್ತಾನೆ. ಅವನ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ.

ಖಾಸಗಿ ಬಸ್ಸಿನ ಮಾಲೀಕರು ಇವರಿಗೆ ಸದ್ಯಕ್ಕೆ ಬರಬೇಡ ಎಂದಿದ್ದಾರೆ. ಮನೆಯಲ್ಲೇ ಇದ್ದಾರೆ. ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅತ್ತೆ ಇಬ್ಬರ ಪಾಲಿನದನ್ನೂ ಅನ್ನುತ್ತಾರೆ.

ಕೇಕ್ ತಂದದ್ದು ಅವರೊಬ್ಬರೇ ಎಂದು ಬರೆದಿದ್ದೀಯ. ಅವ್ವ ಶೇಂಗಾ ಮಿಲ್ಲಿನಲ್ಲಿ ದಿನವೆಲ್ಲ ಬೀಜ ಆರಿಸಿ ನಿನಗೆ ಐಟಿಐ ಓದಿಸಿದಳು. ಅದರ ಮೇಲೆ ಕೇಕಿನ ಕೆನೆ ಇರಲಿಲ್ಲ, ಅದಕ್ಕೇ ನಿನಗೆ ನೆನಪಿಲ್ಲ.

ಇವರ ಕೆಲಸದ ವಿಚಾರಣೆಗೆ ಪೊಲೀಸರು ಇಷ್ಟರಲ್ಲೇ ಬರುತ್ತಾರೆ. ಅಷ್ಟರೊಳಗೆ ಬಂದು ನಿಜ ಹೇಳು. ಇದು ಕಡೆಯ ಸಲ ಕೇಳುತ್ತಿರುವುದು.

ದಿವ್ಯಾ


ಕೊಯಮತ್ತೂರು
6 ಅಕ್ಟೋಬರ್ 2025

ಪ್ರೀತಿಯ ದಿವ್ಯಾ,

ಈಗಲಾದರೂ ನಿನ್ನ ಮುಖದಲ್ಲಿ ನಗು ಬರಲಿ. ಬೆಂಗಳೂರಿಗೆ ಹೋಗಿಬಂದೆ. ಎಲ್ಲ ಮುಗಿಯಿತು.

ನಿನಗೂ ಮೋಸವಾಗಬಾರದು, ಸರ್‌ಗೂ ಆಗಬಾರದು. ಬಹಳ ಯೋಚನೆ ಮಾಡಿ ಒಂದು ದಾರಿ ಕಂಡುಕೊಂಡೆ. ಟೀಮಿನ ವಕೀಲರೂ ಇದೇ ಸರಿ ಅಂದರು. ಸ್ಟೇಷನ್ನಿನಲ್ಲಿ ವಾಚನ್ನು ನಾನೇ ತೆಗೆದದ್ದು ಎಂದು ಹೇಳಿದೆ. ಗ್ಯಾರೇಜಿನಲ್ಲಿರುವ ಸರ್ ಅವರ ಕೋಣೆಯಿಂದ ತೆಗೆದು ತಂಗಿಯ ಮದುವೆಗೆ ಕಳಿಸಿದೆ, ಭಾವನಿಗೆ ಏನೂ ಗೊತ್ತಿಲ್ಲ ಎಂದು. ಭಾವನ ಮೇಲೆ ಇನ್ನೇನೂ ಇರುವುದಿಲ್ಲ. ಕಳವು ಮಾಡಿದವನು ಸಿಕ್ಕ ಮೇಲೆ ಅವರನ್ನು ಯಾರು ಕೇಳುತ್ತಾರೆ?

ದೊಡ್ಡ ಯಜಮಾನರ ಮುಂದೆ ನನ್ನನ್ನು ನಿಲ್ಲಿಸಿದರು. "ಹಸಿವಿದ್ರೆ ಕೇಳ್ಬಾರ್ದೇನಯ್ಯಾ?" ಅಂದರು. ತಲೆ ತಗ್ಗಿಸಿ ನಿಂತಿದ್ದೆ. ಸರ್ ಪಕ್ಕದಲ್ಲೇ ಕಿಟಕಿಯ ಹೊರಗೆ ನೋಡುತ್ತಿದ್ದರು. ಯಜಮಾನರು ದೊಡ್ಡ ಮನಸ್ಸು ಮಾಡಿ ರಾಜಿಗೆ ಒಪ್ಪಿದರು, ಕೋರ್ಟಿನಲ್ಲೂ ಮುಗಿಯಿತು. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಸರ್ ನನ್ನನ್ನು ತಬ್ಬಿಕೊಂಡು "ನೀನು ನನ್ ಬ್ರದರ್" ಅಂದರು. ಅಷ್ಟು ಸಾಕು ನನಗೆ.

ನನ್ನನ್ನು ಕೆಲಸದಿಂದ ತೆಗೆದಿಲ್ಲ. ಸ್ವಲ್ಪ ದಿನ ಗೋಡೌನಿನಲ್ಲಿ ಟೈರ್ ಎಣಿಸುವ ಕೆಲಸ. ಬಾಗಿಲಿನ ಬೀಗದಕೈ ಬೇರೆಯವರ ಹತ್ತಿರ ಇರುತ್ತದೆ, ಸಂಜೆ ಹೊರಡುವಾಗ ಬ್ಯಾಗ್ ತೋರಿಸಿ ಬರಬೇಕು. ಇದೆಲ್ಲ ಬೇರೆಯವರ ಬಾಯಿ ಮುಚ್ಚಿಸಲು ಅಷ್ಟೇ. ವಾಚು ಮತ್ತೆ ಸರ್ ಕೈಯಲ್ಲಿದೆ. ಭಾನುವಾರ ಫೋಟೋದಲ್ಲಿ ನೋಡಿದೆ. ಅವರ ಕೈಗೇ ಒಪ್ಪುತ್ತದೆ ಬಿಡು.

ಇಲ್ಲಿಗೆ ವಾಪಸು ಬರುವ ಮುಂಚೆ ನನ್ನಿವಾಳಕ್ಕೆ ಹೋಗಿ ಒಂದು ದಿನ ಇದ್ದೆ. ಏನೋ ತಪ್ಪು ತಿಳಿವಳಿಕೆಯಾಗಿತ್ತು, ಬಗೆಹರಿಯಿತು ಎಂದು ಅವ್ವನಿಗೆ ಹೇಳಿದ್ದೇನೆ. ನೀನೂ ಹಾಗೇ ಹೇಳು. ನಾನು ಕುಂಟುವುದನ್ನು ನೋಡಿ ಕೇಳಿದಳು, ಏನೋ ಹೇಳಿ ಹಾರಿಸಿದೆ. ದೇವಸಮುದ್ರಕ್ಕೆ ಬರಲು ಹೊತ್ತು ಸಿಗಲಿಲ್ಲ.

ತಂಗಿಗಾಗಿ ಅಣ್ಣನಾದವನು ಇಷ್ಟೂ ಮಾಡದಿದ್ದರೆ ಹೇಗೆ? ಇನ್ನು ನನ್ನ ಮೇಲೆ ಕೋಪ ಇಲ್ಲ ತಾನೆ?

ನಿನ್ನ ಅಣ್ಣ
ದುರುಗೇಶ್


ಕೊಯಮತ್ತೂರು
8 ಡಿಸೆಂಬರ್ 2025

ದಿವ್ಯಾ,

ನಿನ್ನಿಂದ ಉತ್ತರವಿಲ್ಲ. ಬ್ಲಾಕ್ ತೆಗೆದಿದ್ದೇನೆ, ಫೋನ್ ಮಾಡಿದರೆ ನೀನೇ ಎತ್ತುತ್ತಿಲ್ಲ. ಸರ್ ಈಗ ಹೆಚ್ಚಾಗಿ ಬೆಂಗಳೂರಿನಲ್ಲೇ ಇರುತ್ತಾರೆ. ಮಾತಾಡಲು ಇಲ್ಲಿ ಯಾರೂ ಇಲ್ಲ. ಸಂಕ್ರಾಂತಿಗೆ ಅವ್ವನಿಗೊಂದು ಸೀರೆ ಕಳಿಸುತ್ತೇನೆ. ಉಟ್ಟಾಗ ಒಂದು ಫೋಟೋ ತೆಗೆದು ಕಳಿಸು.

ದುರುಗೇಶ್


ದೇವಸಮುದ್ರ
9 ಫೆಬ್ರವರಿ 2026

ದುರುಗೇಶ್,

ಅವ್ವ ಆ ಸೀರೆ ಉಟ್ಟಿಲ್ಲ. ಉಡುವುದೂ ಇಲ್ಲ. ಯಾಕೆ ಎಂದು ತಿಳಿಸಲು ಬರೆಯುತ್ತಿದ್ದೇನೆ.

ಹೋದ ತಿಂಗಳು ಇವರ ಕೆಲಸದ ವಿಚಾರಣೆಗೆ ಪೊಲೀಸರು ಮನೆಗೆ ಬಂದರು. ಅತ್ತೆಗೆ ಮೈ ಸರಿಯಿರಲಿಲ್ಲ, ನೋಡಿಕೊಂಡು ಹೋಗಲು ಅವ್ವನೂ ಬಂದಿದ್ದಳು. ಜೀಪು ಕಂಡ ಮೇಲೆ ಕೇರಿಯವರು ಸುಮ್ಮನಿರುತ್ತಾರಾ, ಎಲ್ಲರೂ ಬಾಗಿಲಲ್ಲಿ ಸೇರಿದರು. ಬಂದವರು ಕೆಟ್ಟವರೇನಲ್ಲ. ನನ್ನನ್ನು ಕರೆದು, "ನೋಡಮ್ಮಾ, ಕೇಸು ರಾಜಿ ಆಗೈತೆ, ಸರಿ. ಆದ್ರೆ ಅದು ಕದ್ದ ಮಾಲು ಅಂತ ನಿನ್ ಗಂಡಂಗೆ ಗೊತ್ತಿತ್ತೋ ಇಲ್ವೋ? ಕೊಟ್ಟೋರು ನಿನ್ ಕಡೇವ್ರು, ನೀನೇ ಹೇಳ್ಬೇಕು" ಅಂದರು.

ಅದು ಕದ್ದ ಮಾಲಲ್ಲ ಎಂದು ನಾನು ಹೇಳಬಹುದಿತ್ತು. ಹೇಳಿದರೆ ನೀನು ಕೋರ್ಟಿನಲ್ಲಿ ಹೇಳಿದ್ದು ಸುಳ್ಳಾಗುತ್ತದೆ, ಮುಗಿದ ಕೇಸು ಮತ್ತೆ ಏಳುತ್ತದೆ, ಇವರ ಹೆಸರು ಪಟ್ಟಿಯಿಂದ ಹೋಗುತ್ತದೆ. ನೀನು ಅಲ್ಲಿ ಅಪ್ಪುಗೆ ಪಡೆದು ಬಂದೆ. ಇಲ್ಲಿ ನನಗೆ ಒಂದೇ ಮಾತು ಉಳಿಸಿದ್ದೆ. ಇವರಿಗೆ ನಿಜ ಗೊತ್ತು. ನನ್ನ ಕಡೆ ನೋಡದೆ ನಿಂತಿದ್ದರು.

"ನಮ್ಮಣ್ಣ ಕದ್ದು ಕಳ್ಸಿದ್ದ ಸಾರ್. ಇವ್ರಿಗೆ ಗೊತ್ತಿರ್ಲಿಲ್ಲ" ಅಂದೆ.

"ಸ್ವಲ್ಪ ಜೋರಾಗಿ ಹೇಳಮ್ಮ" ಅಂದರು. ಇನ್ನೊಮ್ಮೆ, ಕೇರಿಗೆಲ್ಲ ಕೇಳುವಂತೆ ಹೇಳಿದೆ.

ಅವ್ವ ನನ್ನ ಹಿಂದೆಯೇ ನಿಂತಿದ್ದಳು. ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಅಕ್ಟೋಬರಿನಿಂದ ಮಿಲ್ಲಿನಲ್ಲಿ ಯಾರಾದರೂ ನಿನ್ನನ್ನು ಕಳ್ಳ ಎಂದರೆ ಅವ್ವ ಸೆರಗು ಬಿಗಿದು ಜಗಳಕ್ಕೆ ನಿಲ್ಲುತ್ತಿದ್ದಳು. "ಎಲ್ಲಾ ತಪ್ಪು ತಿಳ್ಕಂಡವ್ರೆ, ನನ್ ಮಗನೇ ಹೇಳ್ಯಾನೆ" ಎನ್ನುತ್ತಿದ್ದಳು. ಅದೇ ಜಗಳಕ್ಕೆ ಅವಳನ್ನು ಎರಡು ಸಲ ಮನೆಗೆ ಕಳಿಸಿದ್ದಾರೆ. ಊರವರು ಅಂದದ್ದನ್ನು ಅವಳು ನಂಬಲಿಲ್ಲ. ನಾನು ಅಂದದ್ದನ್ನು ನಂಬಿದಳು.

ಜೀಪು ಹೋದ ಮೇಲೆ ಸೀರೆಯ ಮಾತೆತ್ತದೆ, ಅಳದೆ, ಒಂದೇ ಒಂದು ಕೇಳಿದಳು. "ಹಂಗಾರೆ ಅವ್ನ ಕಾಲು? ಕದ್ದಿದ್ದಕ್ಕೆ ಹೊಡ್ದ್ರೇನೇ?"

ಗೊತ್ತಿಲ್ಲವ್ವಾ ಎಂದೆ. ಹೌದು ಎಂದಿದ್ದರೂ ಅವಳು ಅಂದುಕೊಳ್ಳುತ್ತಿದ್ದುದು ಅದನ್ನೇ.

ಮಾರನೆಯ ದಿನ ಬಸ್ಸು ಹತ್ತಿಸಲು ಹೋದಾಗ, "ನೀನೇನೂ ತಪ್ಪು ಮಾಡಿಲ್ಲ, ನಿನ್ ಸಂಸಾರ ನೀನು ನೋಡ್ಕಬೇಕು. ನಾನೇ ಅವ್ನ್ನ ಸರಿಯಾಗಿ ಬೆಳೆಸ್ಲಿಲ್ಲ" ಅಂದಳು. ಅವ್ವ ಹಾಗೆ ಅಂದುಕೊಂಡೇ ಬದುಕುತ್ತಾಳೆ. ನಾನು ತಿದ್ದಲಿಲ್ಲ. ತಿದ್ದಿದರೆ ಅವಳು ಮಿಲ್ಲಿನ ತುಂಬ ಸಾರಿಕೊಂಡು ಬರುತ್ತಾಳೆ, ಅದು ಇಲ್ಲಿಯವರೆಗೂ ಬರುತ್ತದೆ.

ಇವರಿಗೆ ಆರ್ಡರು ಬಂತು. ಚಳ್ಳಕೆರೆ ಡಿಪೋಕ್ಕೇ ಹಾಕಿದ್ದಾರೆ. ಖಾಕಿ ಹಾಕಿಕೊಂಡು ಹೊರಟಾಗ ಅತ್ತೆ ದೃಷ್ಟಿ ತೆಗೆದರು. ಜಾಕಿರಣ್ಣ ಬಂದು ಸಿಹಿ ತಿಂದು ಹೋದ. ಅವನು ಮಾತ್ರ ನಾನು ಹೇಳಿದ್ದನ್ನು ಇಂದಿಗೂ ನಂಬಿಲ್ಲ. ಅವನ ಎದುರೂ ಅದನ್ನೇ ಹೇಳಿದ್ದೇನೆ, ಇನ್ನು ಮೇಲೂ ಅದನ್ನೇ ಹೇಳುತ್ತೇನೆ.

ನೀನು ನನಗಾಗಿ ದೊಡ್ಡ ತ್ಯಾಗ ಮಾಡಿದೆ ಅಂದುಕೊಂಡಿದ್ದೀಯ. ನಿಜ ಹೇಳು ಎಂದು ನಾನು ಕಾಲು ಹಿಡಿದೆ. ನೀನು ಅದೊಂದನ್ನು ಬಿಟ್ಟು ಬೇರೆಲ್ಲ ಮಾಡಿದೆ. ನಿನಗೆ ನನ್ನ ಅಣ್ಣನಾಗಿ ಉಳಿಯುವುದಕ್ಕಿಂತ ಆ ತನೀಶನ ಕಳ್ಳನಾಗುವುದು ಹಿತವಾಗಿತ್ತು.

ಒಂದು ದಿನ ನಿನಗೆ ಬುದ್ಧಿ ಬರಬಹುದು, ಅಥವಾ ಅವನೇ ನಿನ್ನನ್ನು ಹೊರಗೆ ಹಾಕಬಹುದು. ಆಗ ನಿಜ ಹೇಳಲು ಹೊರಡುತ್ತೀಯ. ನಾನು ಕದ್ದಿಲ್ಲ, ಸರ್ ಕೊಟ್ಟದ್ದು, ಬೇಕಾದರೆ ನನ್ನ ತಂಗಿಯನ್ನು ಕೇಳಿ ಎನ್ನುತ್ತೀಯ. ಅವರು ಬಂದು ಕೇಳಿದರೆ ನೀನು ಸುಳ್ಳು ಹೇಳುತ್ತಿದ್ದೀಯ ಎಂದು ನಾನು ಹೇಳುತ್ತೇನೆ. ಜೋರಾಗಿಯೇ ಹೇಳುತ್ತೇನೆ, ಈಗ ರೂಢಿಯಾಗಿದೆ.

ದಿವ್ಯಾ ಹೊನ್ನೂರಸ್ವಾಮಿ